ರೂವಾರಿಯ ಕಲಿಕೆ: ಅಮೃತಾಪುರದಿಂದ ಸೋಮನಾಥಪುರಕ್ಕೆ

ಗ್ರಾಫಿಕ್ ವಿನ್ಯಾಸವೆಂದರೆ ಅಕ್ಷರ, ಚಿತ್ರ ಮತ್ತು ಖಾಲಿ ಜಾಗಗಳನ್ನು ಒಂದು ಅಳತೆಯೊಳಗೆ ಹೊಂದಿಸಿ ನೋಡುವ ಕಣ್ಣಿಗೆ ದಾರಿ ಮಾಡಿಕೊಡುವ ಕಸುಬು. ಅದನ್ನು ಕಲಿಯುವವರ ಬೆಳವಣಿಗೆಯನ್ನು ಕಲಾಶಾಲೆಗಳಲ್ಲಿ ಸಾಮಾನ್ಯವಾಗಿ ಪೋರ್ಟ್‌ಫೋಲಿಯೊ, ಅಂದರೆ ಆಯ್ದ ಕೆಲಸಗಳ ಸಂಪುಟವನ್ನು ನೋಡಿ ಅಳೆಯಲಾಗುತ್ತದೆಯಾದರೂ, ಒಳ್ಳೆಯದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಮರೆಮಾಡುವ ಆ ಸಂಪುಟದಲ್ಲಿ ಕೈ ಪಳಗಿದ ಬಗೆಯಾಗಲಿ, ದಿನದಿನದ ಕೆಲಸದ ರೂಢಿಯಾಗಲಿ ಕಾಣುವುದು ಅಪರೂಪ. ಕಡೂರು ತಾಲ್ಲೂಕಿನ ಯಗಟಿಯಂಥ ಹೋಬಳಿಯಿಂದ ಈ ಕಸುಬಿಗೆ ಹೊರಡುವ ವಿದ್ಯಾರ್ಥಿಗೆ, ಬೀರೂರು ದಾಟಿ ತರೀಕೆರೆಯ ಕಡೆ ಸಾಗಿದರೆ ಸಿಗುವ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ, ಹಾಗೆ ಮರೆಮಾಡಲಾಗದ ಒಂದು ಸಂಪುಟದ ಮೊದಲ ಪುಟಗಳಿವೆ.

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಈ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮನು ತನ್ನ ವೃತ್ತಿಯನ್ನು ಆರಂಭಿಸಿದನೆಂದೂ, ಮಂಟಪದ ಭುವನೇಶ್ವರಿಗಳು, ಅಂದರೆ ಗುಮ್ಮಟದಂತೆ ಒಳಗೆ ಗುಳಿಬಿದ್ದ ಕೆತ್ತನೆಯ ಛಾವಣಿಗಳು, ಅವನ ಆರಂಭದ ಕೆಲಸವೆಂದೂ ವಿದ್ವಾಂಸರು ಗುರುತಿಸಿದ್ದಾರೆ. ರೂವಾರಿ ಎಂದರೆ ಶಿಲ್ಪಿ. ಅವನ ಕೈಗೆ ಸಿಕ್ಕದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಈ ಕಲ್ಲು ಉಳಿಯ ಸೂಕ್ಷ್ಮತೆಗೆ ಅವಕಾಶ ಕೊಡುತ್ತದೆ, ಆದರೆ ತಪ್ಪು ಗೆರೆಯನ್ನು ಅಳಿಸಿ ಮತ್ತೆ ಎಳೆಯುವ ಸೌಲಭ್ಯವನ್ನಂತೂ ಕೊಡುವುದಿಲ್ಲ. ಛಾವಣಿಯ ಕೆಲಸ ಕಲಿಯುವವನಿಗೆ ತಕ್ಕ ಪಾಠವೇ ಸರಿ. ವೃತ್ತದೊಳಗೆ ವೃತ್ತ ಕುಗ್ಗುತ್ತ ನಡುವಿನ ತೂಗುಮೊಗ್ಗಿನತ್ತ ಸಾಗುವಾಗ ಒಂದೇ ಘಟಕವನ್ನು ಹಲವು ಬಾರಿ ಕೆತ್ತಬೇಕಾಗುತ್ತದೆ, ಒಂದು ಸುತ್ತಿನಲ್ಲಾದ ಕೂದಲೆಳೆಯಷ್ಟು ವ್ಯತ್ಯಾಸ ಮುಂದಿನ ಸುತ್ತಿನಲ್ಲಿ ಬಯಲಾಗುತ್ತದೆ.

ಇದೇ ಗುಡಿಯ ತೆರೆದ ಮಂಟಪದ ಕಥಾಫಲಕಗಳು ಪುಟವಿನ್ಯಾಸದ ಒಂದು ದಿಟ್ಟ ನಿರ್ಧಾರವನ್ನು ತೋರುತ್ತವೆ. ತೆಂಕಣ ಬದಿಯ 70 ಫಲಕಗಳಲ್ಲಿ ರಾಮಾಯಣವು ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗಿದರೆ, ಬಡಗಣ ಬದಿಯಲ್ಲಿ ಕೃಷ್ಣಕಥೆಯ 25 ಮತ್ತು ಮಹಾಭಾರತದ 45 ಫಲಕಗಳು ಪ್ರದಕ್ಷಿಣವಾಗಿ ಸಾಗುತ್ತವೆ. ಎರಡೂ ಬದಿಗೆ ಎಪ್ಪತ್ತೆಪ್ಪತ್ತು ಫಲಕಗಳಿದ್ದು, ಕಥೆಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ನಡೆಯುವುದರಿಂದ, ಇಲ್ಲಿ ಭಕ್ತನ ನಡಿಗೆಗಿಂತ ಕಟ್ಟಡದ ಸಮತೋಲಕ್ಕೆ ಮನ್ನಣೆ ದೊರೆತಿದೆ ಎಂದು ಓದಲು ಅವಕಾಶವಿದೆ. ನಿಯಮವನ್ನು ಬಲ್ಲವರು ಮುರಿದ ರೀತಿ ಇದು, ತಿಳಿಯದೆ ಎಡವಿದ್ದಲ್ಲ.

1258ರ ಹೊತ್ತಿಗೆ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರು ಬೇರೆಯೇ ಗಾತ್ರ ಪಡೆಯುತ್ತದೆ. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ ಮುಂತಾದ ರೂವಾರಿಗಳು ಕೆತ್ತಿದ ತಮ್ಮ ಹೆಸರಿನ ಅಂಕಿತಗಳ ನಡುವೆ ಮಲ್ಲಿತಮ್ಮನದೇ ಹೆಚ್ಚಿನ ಪಾಲು. ಕೌಶಲದ ದೃಷ್ಟಿಯಿಂದ ಅಲ್ಲಿನ ಮೂರ್ತಿಗಳಲ್ಲಿ ಕೊರತೆ ಹುಡುಕುವುದು ಕಷ್ಟ: ಮಣಿಹಾರದ ಒಂದೊಂದು ಮಣಿಯೂ ಬಿಡಿಯಾಗಿ ನಿಂತಿದೆ, ಪ್ರಭಾವಳಿಯ ಬಳ್ಳಿ ಎಲ್ಲೂ ಗಂಟಿಕ್ಕಿಕೊಂಡಿಲ್ಲ. ಆದರೆ ದೇಹಗಳು ಗಿಡ್ಡವಾಗಿ ದಪ್ಪಗಾಗಿವೆ, ಒಡವೆ ಮೈಯನ್ನು ನುಂಗಿದೆ, ಒಂದು ಮೂರ್ತಿಯ ನಿಲುವು ಮತ್ತೊಂದರಲ್ಲಿ ಮರುಕಳಿಸುತ್ತದೆ. ಅಮೃತಾಪುರದ ಹೊರಗೋಡೆಯಲ್ಲಿ ಸಮಾನ ಅಂತರದ ದುಂಡು ಕೆತ್ತನೆಗಳ ನಡುವೆ ಕಣ್ಣಿಗೆ ಸಿಗುತ್ತಿದ್ದ ಬಿಡುವು ಇಲ್ಲಿಲ್ಲ. ಕೈ ಬೆಳೆದಷ್ಟೂ ಬಿಡುವ ಧೈರ್ಯ ಕುಗ್ಗಿತೆಂಬುದು ಕಟುವಾದ ತೀರ್ಪಾದರೂ, ಇಡೀ ಕಾಲದ ಅಭಿರುಚಿಯೇ ತುಂಬುವಿಕೆಯತ್ತ ವಾಲಿದ್ದರಿಂದ ಆ ದೋಷವನ್ನು ಒಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ.

ಮೇಲಾಗಿ, ಎರಡು ಕೆಲಸಗಳ ನಡುವೆ 62 ವರ್ಷಗಳ ಅಂತರವಿದೆ. ಹೆಸರು ಒಂದೇ ಆದ ಮಾತ್ರಕ್ಕೆ ಕೈಯೂ ಒಂದೇ ಎನ್ನಲು ಧೈರ್ಯ ಬೇಕು. ಅಂಕಿತವು ಮೇಸ್ತ್ರಿಯ ಹೆಸರಿನಲ್ಲಿ ದುಡಿದ ಇಡೀ ತಂಡದ ಗುರುತಾಗಿರಲೂಬಹುದು, ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಾಡಿನಲ್ಲಿ ಇಬ್ಬರು ಮಲ್ಲಿತಮ್ಮಂದಿರೂ ಇದ್ದಿರಬಹುದು. ಹೀಗಾಗಿ ಗಟ್ಟಿಯಾದ ಹೋಲಿಕೆಗೆ ಸಿಗುವುದು ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ. 1246ರ ಆ ಗುಡಿಯ ಬಡಗಣ ಬದಿ ಮಲ್ಲಿತಮ್ಮನದು, ತೆಂಕಣ ಬದಿ ಬೈಚೋಜನೆಂಬ ಮತ್ತೊಬ್ಬ ರೂವಾರಿಯದು. ಕಲ್ಲು, ಎತ್ತರ, ಯೋಜನೆ ಎಲ್ಲವೂ ಸಮನಾಗಿದ್ದು ಕೈ ಮಾತ್ರ ಬೇರೆಯಾದಾಗಲೇ ಒಬ್ಬನ ರೂಢಿ ಯಾವುದು, ಶಾಲೆಯ ರೂಢಿ ಯಾವುದು ಎಂದು ಬೇರ್ಪಡಿಸಲು ಸಾಧ್ಯ. ಒಂದೇ ವಿಷಯವನ್ನು ಇಬ್ಬರು ವಿದ್ಯಾರ್ಥಿಗಳಿಗೆ ಕೊಟ್ಟು ಪಕ್ಕಪಕ್ಕದಲ್ಲಿಟ್ಟು ನೋಡುವ ತರಗತಿಯ ಪದ್ಧತಿಗೆ ಇದಕ್ಕಿಂತ ಹಳೆಯ ಮಾದರಿ ಕನ್ನಡನಾಡಿನಲ್ಲಿ ಸಿಗುವುದು ವಿರಳ.

ಗ್ರಾಫಿಕ್ ವಿನ್ಯಾಸದ ವಿದ್ಯಾರ್ಥಿಗೆ ಅಮೃತಾಪುರ ಇನ್ನೂ ಹತ್ತಿರವಾಗುವುದು ಅಕ್ಷರದ ಮೂಲಕ. ಮುಂದೆ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ ಜನ್ನ ಕವಿ ರಚಿಸಿದ ದೊಡ್ಡ ಶಾಸನ ಅಲ್ಲಿದೆ. ಕನ್ನಡ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುವ ಸಮಸ್ಯೆಯನ್ನು ಇಂದಿನ ವಿದ್ಯಾರ್ಥಿ ತಂತ್ರಾಂಶದಲ್ಲಿ ಸಾಲಂತರ ಹೆಚ್ಚಿಸಿ ದಾಟಿಬಿಡುತ್ತಾನೆ. ಅಳತೆ ಮೊದಲೇ ಗೊತ್ತಾಗಿದ್ದ ಕಲ್ಲಿನ ಮೇಲೆ ಬರೆದವನು ಒಂದೊಂದು ಒತ್ತನ್ನೂ ಅಕ್ಕಪಕ್ಕ ನೋಡಿಕೊಂಡೇ ಕೂರಿಸಬೇಕಿತ್ತು.

ಮಲ್ಲಿತಮ್ಮನ ಅಂಕಿತವೂ ಅಕ್ಷರವಿನ್ಯಾಸವೇ. ಪೂರ್ಣ ಹೆಸರಿನ ಜೊತೆಗೆ ಬರಿಯ ‘ಮಲ್ಲಿ’ ಎಂಬ ರೂಪವೂ ಕಾಣಿಸುತ್ತದೆ: ಎರಡು ಅಕ್ಷರ, ಎರಡನೆಯದರ ಕೆಳಗೊಂದು ಒತ್ತು.