ಬೇಯುವ ಹೊತ್ತು: ಒಂದು ದನದ ಮಾಂಸದ ಅಡುಗೆಯನ್ನು ಓದುವುದು

ಅಡುಗೆ ಪುಸ್ತಕವನ್ನು ವಿಮರ್ಶೆಗೆ ಎತ್ತಿಕೊಳ್ಳುವ ವಾಡಿಕೆ ನಮ್ಮಲ್ಲಿಲ್ಲ. ದಲಿತ ವಿಮರ್ಶೆಯಲ್ಲಂತೂ ದನದ ಮಾಂಸ ಬಂದ ಕೂಡಲೇ ಮೂರು ಓದುಗಳು ಸಿದ್ಧವಾಗಿರುತ್ತವೆ: ಹಸಿವಿನ ಓದು, ಅವಮಾನದ ಓದು, ಪ್ರತಿಭಟನೆಯ ಓದು. ಮೂರೂ ಸುಳ್ಳಲ್ಲ. ಆದರೆ ಅದನ್ನು ಬೇಯಿಸಿದವರು ಹೇಗೆ ಬೇಯಿಸಿದರು ಎಂಬ ಪ್ರಶ್ನೆಯನ್ನು ಈ ಮೂರೂ ಕೇಳುವುದಿಲ್ಲ. 2012ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೀಫ್ ಹಬ್ಬದ ಬಗ್ಗೆ ನಾನು ಓದಿದ ಬರಹಗಳೆಲ್ಲ ಗಲಾಟೆಯ ಬಗ್ಗೆ, ಹಕ್ಕಿನ ಬಗ್ಗೆ. ಅಲ್ಲಿ ಬಡಿಸಿದ್ದು ಬಿರಿಯಾನಿ. ಬಿರಿಯಾನಿ ಹೇಗಿತ್ತು ಅಂತ ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ.

ಆದ್ದರಿಂದ ಇಲ್ಲಿ ಬೇಕೆಂದೇ ದೂರದ ಒಂದು ಅಡುಗೆಯನ್ನು ಪಠ್ಯವಾಗಿ ಇಟ್ಟುಕೊಂಡಿದ್ದೇನೆ. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯಲ್ಲಿ ದನದ ಮಾಂಸವನ್ನು ಬಿಯರಿನಲ್ಲಿ ಬೇಯಿಸುವ ಒಂದು ಗಟ್ಟಿ ಸ್ಟ್ಯೂ ಇದೆ. ಅಲ್ಲಿನ ಜನ ಸ್ಟೋಫ್‌ವ್ಲೇಸ್ ಎನ್ನುತ್ತಾರೆ. ಫ್ರೆಂಚಿನಲ್ಲಿ ಅದು ಕಾರ್ಬೊನಾದ್. ಇದ್ದಿಲು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ದ್ರಾಕ್ಷಿಗಿಂತ ಬಾರ್ಲಿ, ಹಾಪ್ಸ್ ಚೆನ್ನಾಗಿ ಬೆಳೆಯುವ ನೆಲವಾದ್ದರಿಂದ ವೈನ್ ಇರಬೇಕಾದ ಜಾಗಕ್ಕೆ ಬಿಯರ್ ಬಂದಿದೆ. ಜೂಲಿಯಾ ಚೈಲ್ಡ್, ಸಿಮೋನ್ ಬೆಕ್, ಲೂಯಿಸೆತ್ ಬರ್ತೋಲ್ ಸೇರಿ ಬರೆದ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ (1961) ಪುಸ್ತಕದಲ್ಲಿ ಇದರ ವಿಧಾನವಿದೆ. ಮೂರು ಪೌಂಡ್, ಅಂದರೆ ಸುಮಾರು 1.4 ಕೆ.ಜಿ. ಮಾಂಸ, ಅದರರ್ಧ ಈರುಳ್ಳಿ, ಎರಡು ಮೂರು ಕಪ್ ಬಿಯರ್, ಎರಡೂವರೆ ಗಂಟೆ ಹೊತ್ತು.

ಕೆಲಸದ ಕ್ರಮ ನೋಡಿ. ಮಾಂಸದ ತುಂಡುಗಳ ನೀರನ್ನು ಬಟ್ಟೆಯಲ್ಲಿ ಒರೆಸಿ, ಕಾದ ಕೊಬ್ಬಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಕಂದು ಬಣ್ಣ ಬರುವಂತೆ ಹುರಿಯಬೇಕು. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಅದನ್ನು ತೆಗೆದಿಟ್ಟು ಅದೇ ಪಾತ್ರೆಯಲ್ಲಿ ಈರುಳ್ಳಿಯನ್ನು ಸಾವಕಾಶವಾಗಿ ಬಾಡಿಸಬೇಕು. ಆಮೇಲೆ ಮಾಂಸ, ಎಲುಬಿನ ರಸ, ಬಿಯರ್, ಸೊಪ್ಪಿನ ಕಂತೆ, ಮುಚ್ಚಳ. ಹಾಪ್ಸಿನ ಕಹಿಗೆ ಒಂದಿಷ್ಟು ಕಂದು ಸಕ್ಕರೆ, ಕೊನೆಗೆ ವಿನೆಗರ್. ಫ್ಲಾಂಡರ್ಸಿನ ಮನೆಗಳಲ್ಲಿ ಸಾಸಿವೆ ಸವರಿದ ಬ್ರೆಡ್ಡಿನ ಹೋಳನ್ನು ಮೇಲೆ ಇಡುತ್ತಾರೆ, ಅದು ಕರಗಿ ಸಾರು ಮಂದವಾಗುತ್ತದೆ. ತರಕಾರಿ ಎಂದರೆ ಅಲ್ಲಿ ಮುಖ್ಯವಾಗಿ ಈರುಳ್ಳಿಯೇ. ಕ್ಯಾರೆಟ್, ಆಲೂಗಡ್ಡೆ ಬೀಳುವುದು ಐರ್ಲೆಂಡಿನ ಕಪ್ಪು ಬಿಯರಿನ ಸ್ಟ್ಯೂಗೆ. ಅವನ್ನು ಮೊದಲೇ ಹಾಕಿದರೆ ಮುದ್ದೆಯಾಗುತ್ತವೆ.

ಇದಕ್ಕೆ ಬಳಸುವುದು ಭುಜದ, ತೊಡೆಯ ಮಾಂಸ. ಹೆಚ್ಚು ದುಡಿದ ಅಂಗದ ಮಾಂಸ ಯಾವಾಗಲೂ ಗಡುಸು, ಹಾಗಾಗಿ ಅಗ್ಗ. ಅದರ ನಾರಿನ ನಡುವಿನ ಕೊಲ್ಯಾಜನ್ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಮಾತ್ರ ಜೆಲಾಟಿನ್ ಆಗಿ ಕರಗುತ್ತದೆ, ಸಾರು ತುಟಿಗೆ ಅಂಟುತ್ತದೆ. ಜೋರಾಗಿ ಕುದಿಸಿದರೆ ಎಳೆ ಬಿಗಿದುಕೊಂಡು ಮಾಂಸ ಒಣಗುತ್ತದೆ. ‘ಕುದೀಬಾರ್ದು ಕಣೋ, ಬೇಯ್ಬೇಕು’ ಎಂದು ನಮ್ಮವ್ವ ಹೇಳುತ್ತಿದ್ದುದು ಇದೇ ಶಾಸ್ತ್ರ. ಉತ್ತು ಸವೆದ ಎತ್ತಿನ ಮಾಂಸವನ್ನು ನಮ್ಮ ಕೇರಿ ಪಳಗಿಸಿದ್ದೂ ಹೀಗೆಯೇ: ಒಂದು ಚೂರು ಪರಂಗಿಕಾಯಿ, ಬಿಯರಿನ ಜಾಗದಲ್ಲಿ ಹುಣಸೆ, ಬ್ರೆಡ್ಡಿನ ಜಾಗದಲ್ಲಿ ಹುರಿಗಡಲೆ ಹಿಟ್ಟು, ಉಣ್ಣುವ ಬಾಯಿ ಹೆಚ್ಚಿದ್ದರೆ ಬದನೆಕಾಯಿ, ಅವರೆಕಾಳು. ಫ್ಲಾಂಡರ್ಸಿನ ಬಡವರ ತಿಳಿವಳಿಕೆ ಪುಸ್ತಕವಾಯಿತು, ಹೋಟೆಲಿನ ಪಟ್ಟಿ ಸೇರಿತು. ಕೇರಿಯ ತಿಳಿವಳಿಕೆ ಗಾದೆಯೂ ಆಗದೆ ಒಲೆಯ ಮುಂದೆಯೇ ಉಳಿಯಿತು.

ಕನ್ನಡದಲ್ಲಿ ಪಾಕದ ಬರವಣಿಗೆಗೆ ಬರವಿಲ್ಲ ಎಂಬುದನ್ನು ನೆನೆದರೆ ಇದು ಇನ್ನೂ ವಿಚಿತ್ರ. ಹದಿನಾರನೆಯ ಶತಮಾನದಲ್ಲೇ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಜೈನ ಕವಿ, ಮಾಂಸಕ್ಕೆ ಅಲ್ಲಿ ಜಾಗವಿಲ್ಲ. ಅದು ಅವನ ಧರ್ಮ, ತಕರಾರಿಲ್ಲ. ಅದಕ್ಕೂ ಮೊದಲು, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಹಂದಿ, ಹೊಲದ ಇಲಿಯವರೆಗೆ ಮಾಂಸವಿದೆ, ಆದರೆ ಅದು ಅರಮನೆಯ ಎಲೆ. ಬಸದಿಗೂ ಅರಮನೆಗೂ ಪಾಕಶಾಸ್ತ್ರ ಸಿಕ್ಕಿತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ನಾಡೇ ಹೊತ್ತಿಕೊಂಡಿತು. ದನ ತಿನ್ನುವ ಬೂಸಾದ ಬಗ್ಗೆ ಅಷ್ಟು ಚರ್ಚೆ ಮಾಡಿದ ನಾವು ದನ ತಿನ್ನುವವರ ಅಡುಗೆಯ ಬಗ್ಗೆ ಒಂದು ಪುಟ ಬರೆಯಲಿಲ್ಲ.

1961ರ ಆ ಪುಸ್ತಕದ ಮುನ್ನುಡಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಮಾತು. ಇದು ಆಳುಕಾಳಿಲ್ಲದ ಅಮೆರಿಕದ ಅಡುಗೆಮನೆಗಾಗಿ ಎಂಬರ್ಥ ಬರುವಂತೆ ಅವರು ಹೇಳಿಕೊಂಡಿದ್ದಾರೆ. ಅಂದರೆ ಕೊಯ್ಯುವವಳು, ಬೇಯಿಸುವವಳು, ಪಾತ್ರೆ ತಿಕ್ಕುವವಳು, ಉಣ್ಣುವವಳು ಒಬ್ಬಳೇ. ನಮ್ಮ ಜಾತಿ ಈ ನಾಲ್ಕು ಕೆಲಸಗಳನ್ನು ನಾಲ್ಕು ದೇಹಗಳಿಗೆ ಹಂಚಿತು. ಚರ್ಮ ಸುಲಿಯುವ ಐದನೆಯದನ್ನು ಊರಾಚೆ ಕಳಿಸಿತು. ಪಾಕವಿಧಾನ ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಬರೆಯದೆ ಬಿಟ್ಟ ಕೈಗಳು ಯಾರವು?

ಇದಕ್ಕೆ ನಮ್ಮವರೇ ಒಂದು ಆಕ್ಷೇಪ ಎತ್ತಬಹುದು, ಎತ್ತಲಿ. 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಎಂದವರು ಬಾಬಾಸಾಹೇಬರು. ಗೋಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು 1948ರ ‘ದಿ ಅನ್‌ಟಚಬಲ್ಸ್’ ಗ್ರಂಥದಲ್ಲಿ ಬಿಡಿಸಿಟ್ಟವರೂ ಅವರೇ. ಹಾಗಿರುವಾಗ ಈ ರುಚಿಯ ವೈಭವೀಕರಣ ಯಾಕಪ್ಪಾ? ಡಿ. ಆರ್. ನಾಗರಾಜರು ‘ದಿ ಫ್ಲೇಮಿಂಗ್ ಫೀಟ್’ನಲ್ಲಿ (1993) ಆತ್ಮಶುದ್ಧಿ ಮತ್ತು ಆತ್ಮಗೌರವ ಎಂದು ಎರಡು ದಾರಿಗಳನ್ನು ಬೇರ್ಪಡಿಸಿದ್ದು ಇಲ್ಲಿ ನೆರವಿಗೆ ಬರುತ್ತದೆ. ಮಹಾಡದ ಕರೆಯನ್ನು ನಾನು ಆತ್ಮಗೌರವದ ಕಡೆಗೇ ಸೇರಿಸುತ್ತೇನೆ. ಅಲ್ಲಿ ತಿರಸ್ಕರಿಸಿದ್ದು ಊರಿನ ಹೆಣ ಎಳೆದು ಅದನ್ನೇ ಕೂಲಿಯೆಂದು ಉಣ್ಣುವ ಬಿಟ್ಟಿಯನ್ನು, ನಾಲಿಗೆಯನ್ನಲ್ಲ. ‘ಭುಜದ ಮಾಂಸ ಮೂರು ಪೌಂಡ್’ ಎಂಬ ವಾಕ್ಯದ ಹಿಂದೆ ಅಂಗಡಿ ಇದೆ, ದುಡ್ಡಿದೆ, ಇದು ಬೇಕು ಅದು ಬೇಡ ಎನ್ನುವ ಬಾಯಿ ಇದೆ. ನಮ್ಮ ಅಜ್ಜಿಯರ ಅಡುಗೆ ಸಿಕ್ಕಿದ್ದರಿಂದ ಶುರುವಾಗುತ್ತಿತ್ತು: ಸಿಕ್ಕರೆ ಬೋಟಿ, ಹೆಚ್ಚಾದರೆ ಉಪ್ಪುಕಂಡ. ಶಾಹು ಪಾಟೋಳೆಯವರು ಮರಾಠವಾಡದ ದಲಿತ ಅಡುಗೆಯ ಪುಸ್ತಕಕ್ಕೆ ಅನ್ನವು ಅಪೂರ್ಣಬ್ರಹ್ಮ ಎಂಬರ್ಥದ ಹೆಸರಿಟ್ಟಿದ್ದು (2015) ಸುಮ್ಮನೆ ಅಲ್ಲ. ಕನ್ನಡದಲ್ಲಿ ಅಂಥದ್ದು ಬರಬೇಕು. ‘ಒಡಲಾಳ’ದಲ್ಲಿ ಇಡೀ ಮನೆ ಒಂದೇ ರಾತ್ರಿ ಕಡಲೆಕಾಯಿ ತಿಂದು ಮುಗಿಸುವ ಭಾಗವನ್ನು ಹಸಿವು ಎಂದಷ್ಟೇ ಓದಿದ ವಿಮರ್ಶೆಗೆ ಅಲ್ಲಿನ ಖುಷಿ ಕಾಣದೇ ಹೋದದ್ದೂ ಇದೇ ಜಾಡ್ಯದಿಂದ.

ಬಿಯರಿನ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಸಾರಾಯಿ 2007ರಲ್ಲಿ ಕರ್ನಾಟಕದಲ್ಲಿ ನಿಂತಿತು. ಅದಕ್ಕೂ ಮೊದಲು ಅದು ಎಷ್ಟು ಒಲೆ ಆರಿಸಿತ್ತು ಎಂದು ಕೇರಿಯ ಹೆಂಗಸರನ್ನು ಕೇಳಿ. ಬಾಟ್ಲಿ ಅಡುಗೆಮನೆಯ ಹೊಸ್ತಿಲು ದಾಟಿದರೆ ಅವ್ವ ಸೌಟು ಎತ್ತುತ್ತಿದ್ದಳು. ಫ್ಲಾಂಡರ್ಸಿನಲ್ಲಿ ಅದು ಸಾಮಗ್ರಿ, ಇಲ್ಲಿ ಅದಕ್ಕೆ ಬೇರೆ ಚರಿತ್ರೆ. ಹುಳಿಯ ಕೆಲಸಕ್ಕೆ ಹುಣಸೆ ಸಾಕು.

ಮಾಂಸದ ಮಾತು ಹಾಗಲ್ಲ. 1964ರ ಕಾಯ್ದೆ ಹನ್ನೆರಡು ವರ್ಷ ದಾಟಿದ ಎತ್ತಿಗೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದ ಕಾನೂನು ಅದನ್ನೂ ತೆಗೆದು, ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣವನ್ನಷ್ಟೇ ಬಿಟ್ಟಿತು. ಹೀಗಾಗಿ ಈ ಪಾಕವನ್ನು ಕನ್ನಡಕ್ಕೆ ತರುವವರು ಮೊದಲ ಸಾಲಿನಲ್ಲೇ ಪ್ರಾಣಿ ಬದಲಾಯಿಸಬೇಕು. ಮುದಿ ಕೋಣದ ಮಾಂಸಕ್ಕೆ ಎರಡೂವರೆ ಗಂಟೆ ಸಾಲದು, ನಾಲ್ಕರವರೆಗೂ ಹಿಡಿದೀತು. ನೀರು ತಳ ಹತ್ತದಂತೆ ನೋಡುತ್ತಿರಬೇಕು. ಕ್ಯಾರೆಟ್ಟನ್ನು ಕೊನೆಯ ಮುಕ್ಕಾಲು ಗಂಟೆಯಲ್ಲಿ ಹಾಕಿದರಾಯಿತು.