ಅವಳು ಮುಚ್ಚಿಟ್ಟದ್ದನ್ನು ಸಿನಿಮಾ ಹೇಳಿಬಿಟ್ಟಿತು

ರಾಡ್ ಲೂರಿ ನಿರ್ದೇಶನದ ‘ನಥಿಂಗ್ ಬಟ್ ದ ಟ್ರೂತ್’ (2008) ಚಿತ್ರವನ್ನು ಮೊನ್ನೆ ಪುಣೆಯ ನನ್ನ ರೂಮಿನಲ್ಲಿ ಎರಡನೇ ಸಲ ನೋಡಿದೆ. ಮೊದಲ ಸಲ ಕೊನೆಯ ದೃಶ್ಯಕ್ಕೆ ಕಣ್ಣು ಒದ್ದೆಯಾಗಿತ್ತು. ಈ ಸಲ ಅದೇ ದೃಶ್ಯ ಮೋಸ ಅನ್ನಿಸಿತು. ಯಾಕೆಂದು ವಿವರಿಸಲು ಕತೆಯ ಕೊನೆಯನ್ನೂ ಹೇಳಲೇಬೇಕು.

ಪತ್ರಕರ್ತೆ ರೇಚಲ್ ತನ್ನ ವರದಿಯಲ್ಲಿ ಒಬ್ಬ ಸಿಐಎ ಗೂಢಚಾರಿಣಿಯ ಗುರುತನ್ನು ಬಯಲು ಮಾಡುತ್ತಾಳೆ. ಸುದ್ದಿ ಕೊಟ್ಟವರು ಯಾರೆಂದು ಕೇಳಿದರೆ ಹೇಳುವುದಿಲ್ಲ. ಜೈಲು ಸೇರುತ್ತಾಳೆ, ಗಂಡ, ಮಗ ದೂರವಾಗುತ್ತಾರೆ, ಸುಪ್ರೀಂ ಕೋರ್ಟಿನಲ್ಲೂ ಸೋಲುತ್ತಾಳೆ. ಈ ಹಟವನ್ನು ಕೇಟ್ ಬೆಕಿನ್ಸೇಲ್ ಅಬ್ಬರವಿಲ್ಲದೆ ಅಭಿನಯಿಸಿದ್ದಾರೆ. ಕಡೆಗೆ ಶಾಲೆಯ ಬಸ್ಸಿನ ದೃಶ್ಯ: ಮೊದಲು ಬಾಯಿಬಿಟ್ಟವಳು ಆ ಗೂಢಚಾರಿಣಿಯ ಪುಟ್ಟ ಮಗಳೇ!

ಮಗುವಿನ ಹೆಸರು ಹೇಳು ಎಂದು ಯಾರು ತಾನೇ ಒತ್ತಾಯಿಸುತ್ತಾರೆ? ನನ್ನ ತಕರಾರು ಇರುವುದು ಇಲ್ಲೇ. ಚಿತ್ರಕ್ಕೆ ಪ್ರೇರಣೆಯಾದ ನಿಜ ಪ್ರಕರಣ ಇಷ್ಟು ಮುಗ್ಧವಲ್ಲ. 2005ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜುಡಿತ್ ಮಿಲ್ಲರ್ 85 ದಿನ ಜೈಲಿನಲ್ಲಿದ್ದರು. ಅವರು ಹೆಸರು ಹೇಳದೆ ಕಾಪಾಡಿದ್ದು ಅಮೆರಿಕದ ಉಪಾಧ್ಯಕ್ಷರ ಕಚೇರಿಯ ಮುಖ್ಯಸ್ಥ ಲೂಯಿಸ್ ಲಿಬ್ಬಿಯನ್ನು. ಅಂಥ ಅಧಿಕಾರಸ್ಥನನ್ನೂ ಕಾಪಾಡಬೇಕೇ? ಕಾನೂನಿಗೆ ನಿಜವಾದ ಪರೀಕ್ಷೆ ಇದು. ಹೆಸರು ತಿಳಿದ ಮೇಲೆ, ಆಳು ಒಳ್ಳೆಯವನೋ ಕೆಟ್ಟವನೋ ನೋಡಿ ರಕ್ಷಣೆ ಕೊಡುವುದಾದರೆ, ನಾಳೆ ಕಡತ ಹಿಡಿದು ಬರಬೇಕಾದ ಗುಮಾಸ್ತ ಯಾವ ಧೈರ್ಯದಿಂದ ಬಂದಾನು?

ಇದು ಅಮೆರಿಕದ ಪಾಡು ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆ ಕೊಡುವ ರಕ್ಷಣೆ ಆ ಮಂಡಳಿಯ ಮುಂದಷ್ಟೇ, ಕೋರ್ಟಿನಲ್ಲಿ ನಡೆಯದು. ಸಾಕ್ಷ್ಯ ಕಾಯ್ದೆಯಲ್ಲೇ ಇದನ್ನು ಸೇರಿಸಿ ಎಂದು ಕಾನೂನು ಆಯೋಗ 1983ರಲ್ಲೇ ಶಿಫಾರಸು ಮಾಡಿತ್ತು. 2023ರ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ವಕೀಲರಿಗೆ ಹೇಳಿದ ಗುಟ್ಟಿಗೆ ರಕ್ಷಣೆಯಿದೆ, ಪತ್ರಕರ್ತರಿಗೆ ಹೇಳಿದ್ದಕ್ಕೆ ಇಲ್ಲ.

ರೇಚಲ್ ಕೊನೆಯವರೆಗೂ ಬಾಯಿಬಿಡುವುದಿಲ್ಲ. ನಿರ್ದೇಶಕರು ಮಾತ್ರ ನಮ್ಮ ಕಿವಿಯಲ್ಲಿ ಹೆಸರು ಉಸುರಿ, ಅವಳು ಮಾಡಿದ್ದು ಸರಿ ಎಂದು ನಮ್ಮನ್ನು ಒಪ್ಪಿಸುತ್ತಾರೆ. ಹೆಸರು ಗೊತ್ತಿಲ್ಲದೆಯೂ ಅವಳ ಪರ ನಿಲ್ಲುತ್ತೀರಾ ಎಂದು ಕೇಳಿದ್ದರೆ ಚಿತ್ರ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು. ಆದರೂ ಸಿಕ್ಕರೆ ನೋಡಿ. ಬಸ್ಸಿನ ದೃಶ್ಯಕ್ಕೆ ಮುಂಚೆ ಒಂದು ನಿಮಿಷ ನಿಲ್ಲಿಸಿ, ನಿಮ್ಮ ಉತ್ತರವೇನೆಂದು ನೀವೇ ಕೇಳಿಕೊಳ್ಳಿ.