ದುರ್ಗ ಬಿದ್ದ ಮೇಲಿನ ಕಾಲಾಳು

ತರಾಸು ಅವರ ಹೆಸರಿನ ಮೊದಲ ಅಕ್ಷರ ನಮ್ಮ ಸೀಮೆಯದು. ಚಳ್ಳಕೆರೆಯಿಂದ ಬಳ್ಳಾರಿ ದಾರಿ ಹಿಡಿದರೆ ಸಿಗುವ ತಳುಕು ಅವರ ಮನೆತನದ ಊರು. ಅದಕ್ಕೋ ಏನೋ, 1982ರಲ್ಲಿ ಬಂದ ‘ದುರ್ಗಾಸ್ತಮಾನ’ವನ್ನು ನಮ್ಮ ಕಡೆಯವರು ಕಾದಂಬರಿ ಎಂದು ಓದುವುದಿಲ್ಲ, ಮನೆಯ ಹಳೇ ಕಡತ ಬಿಚ್ಚಿದ ಹಾಗೆ ಓದುತ್ತಾರೆ. ಹೈದರಾಲಿಗೂ ಪೇಶ್ವೆಗಳಿಗೂ ನಡುವೆ ಸಿಕ್ಕಿಕೊಂಡ ಮದಕರಿನಾಯಕನ ಇಕ್ಕಟ್ಟನ್ನು ಇಷ್ಟು ಮನಸ್ಸಿಟ್ಟು ಬರೆದವರು ಇನ್ನೊಬ್ಬರಿಲ್ಲ. ನನ್ನ ತಕರಾರು ಬೇರೆ. ಈ ಕತೆಯ ಸೂರ್ಯ ಮದಕರಿ. ಅವನು ಮುಳುಗಿದರೆ ಕತೆ ಮುಗಿಯಿತು. ಅವನ ಬೇಡ ಕಾಲಾಳುಗಳಿಗೆ ಮಾರನೆಯ ದಿನವೂ ಬೆಳಗಾಯಿತಲ್ಲ?

ನಮ್ಮ ಐತಿಹಾಸಿಕ ಕಾದಂಬರಿ, ಸಿನಿಮಾಗಳಲ್ಲಿ ಕಾಲಾಳಿಗೆ ಎರಡೇ ವೇಷ: ಸ್ವಾಮಿನಿಷ್ಠ, ಇಲ್ಲವೇ ದ್ರೋಹಿ. ಕಿಂಡಿ ಕಾದವಳು ಓಬವ್ವ, ಕಿಂಡಿ ತೋರಿಸಿದವನು ನೀಚ. ಚಪ್ಪಾಳೆಗೆ ಇಷ್ಟು ಸಾಕು. ಚರಿತ್ರೆಯಲ್ಲಿ ಇದು ಇಷ್ಟು ಸಲೀಸಾಗಿಲ್ಲ.

ಚಳ್ಳಕೆರೆ ತಾಲ್ಲೂಕಿನದೇ ದೊಡ್ಡೇರಿ. 1695ರಲ್ಲಿ ಮೊಗಲ್ ಸರದಾರ ಕಾಸಿಂ ಖಾನ್, ಮರಾಠರ ಸಂತಾಜಿ ಘೋರ್ಪಡೆಗೆ ಸಿಕ್ಕಿಬಿದ್ದು ಅಲ್ಲಿನ ಸಣ್ಣ ಕೋಟೆ ಹೊಕ್ಕ. ಚಿತ್ರದುರ್ಗದ ಭರಮಣ್ಣನಾಯಕ ಸಂತಾಜಿಯ ಕಡೆ ನಿಂತ. ಅವನ ಕೋವಿಕಾರ ಕಾಲಾಳುಗಳು ಮೊಗಲರನ್ನು ಸುತ್ತುಗಟ್ಟಿದರು. ಕಾಸಿಂ ಖಾನ್ ಅಲ್ಲೇ ಸತ್ತ. ಅಫೀಮು ಸಿಗದೆ ಸತ್ತನೆಂದು ಒಂದು ಮಾತು, ವಿಷ ಕುಡಿದನೆಂದು ಇನ್ನೊಂದು. ಉಳಿದವರು ದಂಡ ತೆತ್ತು ಜೀವ ಉಳಿಸಿಕೊಂಡರು. 1770ರಲ್ಲಿ ಪೇಶ್ವೆ ಮಾಧವರಾಯನ ಪರವಾಗಿ ನಿಜಗಲ್ಲಿನ ಕೋಟೆ ಹತ್ತಿದವರೂ ದುರ್ಗದ ಬೇಡರೇ. ಅದಕ್ಕೆ ಏಳು ವರ್ಷ ಮೊದಲು, ಬಿದನೂರಿನ ಗಾದಿ ತನ್ನದೆಂದು ಬಂದವನನ್ನು ಹೈದರನ ಮುಂದೆ ನಿಲ್ಲಿಸಿದ್ದು ದುರ್ಗದ ಪಾಳೆಯಗಾರ. ಊರೊಳಗೆ ನುಗ್ಗಲು ಕಳ್ಳದಾರಿ ಹೇಳಿಕೊಟ್ಟಿದ್ದು ಬಿದನೂರಿನದೇ ಮಾಜಿ ಮಂತ್ರಿ. ಇವರಲ್ಲಿ ಯಾರಿಗೆ ಯಾವ ವೇಷ ತೊಡಿಸೋಣ?

1779ರಲ್ಲಿ ದುರ್ಗ ಬಿತ್ತು. ಇಪ್ಪತ್ತು ಸಾವಿರ ಜನರನ್ನು ಹೈದರ್ ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಅವರಲ್ಲಿ ವಯಸ್ಸಿಗೆ ಬಂದ ಹುಡುಗರನ್ನು ಆರಿಸಿ, ಮತ ಬದಲಿಸಿ, ಕವಾಯತು ಕಲಿಸಿ ಕಟ್ಟಿದ ಪಡೆಗೆ ಚೇಲಾ ಪಡೆ ಎಂದು ಹೆಸರು. (ಈಗ ಪುಢಾರಿಗಳ ಹಿಂದೆ ತಿರುಗುವವರಿಗೆ ನಾವು ಬೈಗುಳವಾಗಿ ಬಳಸುವ ಮಾತು.) ದುರ್ಗವನ್ನು ಕೆಡವಿದ ದಂಡಿನಲ್ಲೇ ದುರ್ಗದ ಮಕ್ಕಳು ಬಂದೂಕು ಹೊತ್ತರು. ಇವರು ನಿಷ್ಠರೋ ದ್ರೋಹಿಗಳೋ?

ಅಮೆರಿಕದ ಅಪಾಚೆಗಳ ಕತೆ ಓದುವಾಗ ನನಗೆ ಇವರೇ ನೆನಪಾದರು. 1886ರಲ್ಲಿ ಬೆಟ್ಟ ಸೇರಿದ್ದ ಜೆರೊನಿಮೊನ ಜಾಡು ಹಿಡಿದು, ಅವನ ಭಾಷೆಯಲ್ಲೇ ಮಾತಾಡಿ ಶರಣಾಗತಿಗೆ ದಾರಿ ಮಾಡಿದವರು ಮಾರ್ಟೀನ್, ಕಾಯಿಟಾ ಎಂಬ ಅಪಾಚೆಗಳು, ಅಮೆರಿಕ ಸೈನ್ಯದ ಸಂಬಳದ ಬೇಹುಗಾರರು. ಕೆಲಸ ಮುಗಿದ ಮೇಲೆ ಸರ್ಕಾರ ಅವರನ್ನೂ ಜೆರೊನಿಮೊನ ಜನರಂತೆಯೇ ಕೈದಿಗಳಾಗಿ ಫ್ಲಾರಿಡಾಕ್ಕೆ ಅಟ್ಟಿತು. ಅಪಾಚೆಗಳ ಆ ಸೆರೆ 1913ರವರೆಗೂ ನಡೆಯಿತು. ಅವರಿಗೆ ಸಂಬಳವಾದರೂ ಇತ್ತು, ನಮ್ಮ ಹುಡುಗರಿಗೆ ಆಯ್ಕೆಯೇ ಇರಲಿಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ಜಾಡು ಬಲ್ಲವನು, ಎರಡು ಕಡೆಯ ಮಾತು ಬಲ್ಲವನು ಎರಡೂ ಕಡೆಯವರಿಗೆ ಅನುಮಾನದ ಮನುಷ್ಯ ಎಂಬುದು ಅಲ್ಲಿಯೂ ಇಲ್ಲಿಯೂ ಒಂದೇ.

ಇಂಥವನ ಕತೆ ಬರೆಯಲು ಬೇಕಾದ ನುಡಿ ನಮ್ಮಲ್ಲಿಲ್ಲವೆಂದಲ್ಲ. ಮೊಳಕಾಲ್ಮೂರು, ಚಳ್ಳಕೆರೆಯ ಹಟ್ಟಿಗಳಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಹೊರಳುತ್ತವೆ. ಒಂದು ವಾಕ್ಯ ಇಲ್ಲಿ ಶುರುವಾಗಿ ಅಲ್ಲಿ ಮುಗಿಯುತ್ತದೆ. ತರಾಸು ಗದ್ಯ ಮಾತ್ರ ಅರಮನೆಯ ಗತ್ತಿಗೆ ಒಗ್ಗಿದ್ದು. ಶ್ರೀರಂಗಪಟ್ಟಣದ ಕವಾಯತಿನ ಬಯಲಲ್ಲಿ ಹೊಸ ಹೆಸರಿಗೆ ಓಗೊಡಲು ಕಲಿಯುತ್ತಿರುವ ಹಟ್ಟಿಯ ಹುಡುಗನಿಗೆ ಆ ಗತ್ತು ಹೊಂದುವುದಿಲ್ಲ. ಅವನು ರಾತ್ರಿ ಪಕ್ಕದವನ ಹತ್ತಿರ ಯಾವ ಭಾಷೆಯಲ್ಲಿ ಪಿಸುಗುಟ್ಟಿದನೋ, ಕಾದಂಬರಿ ಆ ಭಾಷೆಯಲ್ಲಿ ಶುರುವಾಗಬೇಕು.